ವೇಷ ಮಗುವಿನದು, ಆಯಾಸ ತಾಯಿಯದು

ಕಳೆದ ಜಾತ್ರೆಯ ಸಂದರ್ಭದಲ್ಲಿ ಶ್ರೀಮಠಕ್ಕೆ ಬಂದ ಸದ್ಭಕ್ತರಲ್ಲಿ ಹುಬ್ಬಳ್ಳಿ ಕಡೆಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿರುವ ಒಂದು ಕುಟುಂಬವೂ ಇತ್ತು. ದಾಸೋಹ ಮುಗಿದ ಮೇಲೆ ಆ ಮನೆಯ ತಾಯಿ ನಮ್ಮ ಬಳಿ ಬಂದು ಕುಳಿತರು. "ನಿಮ್ಮ ಆರೋಗ್ಯದ ಪುಟಗಳಲ್ಲಿ ಸಕ್ಕರೆ ಕಾಯಿಲೆಯ ಬಗೆಗೆ ಬರೆಯುತ್ತೀರಿ, ನಿದ್ರೆಯ ಬಗೆಗೆ ಬರೆಯುತ್ತೀರಿ. ನನ್ನ ನಿದ್ರೆಯನ್ನು ಕೆಡಿಸಿದ್ದು ಮಗನ ಒಂದು ವೇಷ. ಅದರ ಬಗೆಗೂ ಒಮ್ಮೆ ಬರೆಯಿರಿ" ಎಂದರು. ಮೊದಲು ನಾವು ಅದನ್ನು ಹಾಸ್ಯವೆಂದೇ ತಿಳಿದೆವು. ಅವರ ಮಾತನ್ನು ಪೂರ್ತಿ ಕೇಳಿದ ಮೇಲೆ ಅದು ಹಾಸ್ಯವಾಗಿ ಉಳಿಯಲಿಲ್ಲ.

ಅಮೆರಿಕದಲ್ಲಿ ಪ್ರತಿವರ್ಷ ಅಕ್ಟೋಬರ್ 31ರ ಸಂಜೆ ಹ್ಯಾಲೊವೀನ್ ಎಂಬ ಆಚರಣೆ ನಡೆಯುತ್ತದೆ. ಮಕ್ಕಳು ಬಗೆಬಗೆಯ ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಕೇಳಿ ಪಡೆಯುತ್ತಾರೆ. ಆ ಕುಟುಂಬದ ಮಗ ಶಾಲೆಗೆ ಸೇರಿದ ಮೊದಲ ವರ್ಷ ತಾಯಿ ಅಂಗಡಿಯಿಂದ ಬೆಂಕಿ ನಂದಿಸುವವನ ಉಡುಪೊಂದನ್ನು ಕೊಂಡು ತೊಡಿಸಿದರು. ಮಗು ಸಂತೋಷದಿಂದ ಕುಣಿಯಿತು. ಆದರೆ ಶಾಲೆಯ ಅಂಗಳದಲ್ಲಿ ಇನ್ನೊಬ್ಬ ತಾಯಿ ನಗುತ್ತಲೇ "ಓ, ಅಂಗಡಿಯದೇ?" ಎಂದು ಕೇಳಿದರಂತೆ. ಅಷ್ಟೇ ಮಾತು. ಕೇಳಿದವರಿಗೆ ಅದು ಅಂದೇ ಮರೆತುಹೋಗಿರಬಹುದು. ಇವರಿಗೆ ವರ್ಷವಿಡೀ ಮರೆಯಲಾಗಲಿಲ್ಲ.

ಮರುವರ್ಷ ಮಗ ನವಿಲಾಗಬೇಕೆಂದ. ತಾಯಿ ಮೂರು ವಾರ, ಕಚೇರಿಯ ಕೆಲಸ ಮುಗಿಸಿ, ಅಡುಗೆ ಮುಗಿಸಿ, ಮಗು ಮಲಗಿದ ಮೇಲೆ ಹೊಲಿಗೆಗೆ ಕುಳಿತರು. ರಟ್ಟಿನ ಗರಿಗಳನ್ನು ಕತ್ತರಿಸಿದರು, ಬಣ್ಣ ಬಳಿದರು, ಬಿಸಿ ಅಂಟಿನಿಂದ ಎರಡು ಬೆರಳು ಸುಟ್ಟುಕೊಂಡರು. ದಿನಕ್ಕೆ ನಾಲ್ಕು ಗಂಟೆಯ ನಿದ್ರೆ. ಕೊನೆಗೆ ಆ ಸಂಜೆ ಬಂತು. ಜೊತೆಗೆ ಚಳಿಯೂ ತುಂತುರು ಮಳೆಯೂ ಬಂದವು. ಮಗು ವೇಷದ ಮೇಲೆ ದಪ್ಪ ಕೋಟು ತೊಡಬೇಕಾಯಿತು. ತಲೆಯ ತುರಾಯಿ ಚುಚ್ಚುತ್ತದೆಂದು ಅರ್ಧ ಗಂಟೆಯೊಳಗೆ ಕಿತ್ತು ಅಪ್ಪನ ಕೈಗೆ ಕೊಟ್ಟಿತು. ನವಿಲನ್ನು ಯಾರೂ ನೋಡಲಿಲ್ಲ. ಇದೆಲ್ಲ ಹೇಳುವಾಗ ಆ ತಾಯಿ ನಗುತ್ತಲೇ ಇದ್ದರು. ನಗು ನಿಂತದ್ದು ಮುಂದಿನ ಮಾತಿಗೆ. ಮರುದಿನ ದೂರವಾಣಿಯಲ್ಲಿ ಅಜ್ಜಿಯೊಡನೆ ಮಾತನಾಡುತ್ತ ಮಗು ಹೇಳಿತಂತೆ: "ಅಜ್ಜಿ, ಅಮ್ಮ ನನಗ ನವಿಲು ಮುಟ್ಟಾಕ ಬಿಡಲೇ ಇಲ್ಲ." ಹಾಳಾದೀತು ಎಂಬ ಭಯದಿಂದ ಮೂರು ವಾರವೂ ಮಗುವನ್ನು ಆ ಮೇಜಿನ ಹತ್ತಿರ ಸುಳಿಯಗೊಡದಿದ್ದುದು ಆಗ ಅವರಿಗೆ ನೆನಪಾಯಿತು.

ಯಾರಿಗಾಗಿ ಆ ವೇಷ ಸಿದ್ಧವಾಯಿತು? ತಾಯಿಯ ಈ ಪ್ರಶ್ನೆಯನ್ನೇ ಇಲ್ಲಿ ವಿಚಾರಿಸಲು ಹೊರಟಿದ್ದೇವೆ.

ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ

ಕ್ರೈಸ್ತರು ನವೆಂಬರ್ 1ರಂದು ಸಕಲ ಸಂತರ ದಿನವನ್ನು ಆಚರಿಸುತ್ತಾರೆ. ಅದರ ಹಿಂದಿನ ಸಂಜೆಯೇ ಹ್ಯಾಲೊವೀನ್. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್ ಪ್ರದೇಶಗಳ ಜನರು ಆಚರಿಸುತ್ತಿದ್ದ ಹಳೆಯ ಹಬ್ಬವೊಂದರಲ್ಲಿ ಇದರ ಬೇರುಗಳನ್ನು ಗುರುತಿಸುವುದುಂಟು. 19ನೆಯ ಶತಮಾನದಲ್ಲಿ ಆ ನಾಡುಗಳಿಂದ ಬಂದ ವಲಸಿಗರು ಇದನ್ನು ಅಮೆರಿಕಕ್ಕೆ ತಂದರು. ಅಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದವರು ಇಲ್ಲಿ ಹೇರಳವಾಗಿ ಸಿಗುವ ಕುಂಬಳಕಾಯಿಯನ್ನು ಕೊರೆಯತೊಡಗಿದರು.

ಆ ಕಾಲದಲ್ಲಿ ವೇಷವೆಂದರೆ ಮನೆಯಲ್ಲಿ ಇದ್ದುದರಿಂದಲೇ ಆಗಬೇಕಿತ್ತು. ಹಳೆಯ ಕೋಟು, ಹಾಸಿಗೆಯ ಮೇಲುಹೊದಿಕೆ, ಒಲೆಯ ಮಸಿ ಇವೇ ಸಾಮಗ್ರಿ. 1909ರಲ್ಲಿ ಮ್ಯಾಸಚೂಸೆಟ್ಸ್‌ನ ಡೆನ್ನಿಸನ್ ಎಂಬ ಕಾಗದದ ಕಂಪನಿ ಹ್ಯಾಲೊವೀನ್ ಅಲಂಕಾರದ ಕಿರುಪುಸ್ತಕವೊಂದನ್ನು ಹೊರತಂದಿತು. ಕ್ರೇಪ್ ಕಾಗದದಿಂದ ಅಲಂಕಾರವನ್ನೂ ವೇಷವನ್ನೂ ಸಿದ್ಧಪಡಿಸುವ ಕ್ರಮವನ್ನು ಇಂತಹ ಪುಸ್ತಕಗಳು ಗೃಹಿಣಿಯರಿಗೆ ಕಲಿಸಿದವು. 1937ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆನ್ ಕೂಪರ್ ಕಂಪನಿ ಆರಂಭವಾಯಿತು. ಒಂದು ಮುಖವಾಡ, ಒಂದು ನಿಲುವಂಗಿ, ಎರಡನ್ನೂ ಹಿಡಿಸುವ ಒಂದು ರಟ್ಟಿನ ಪೆಟ್ಟಿಗೆ. ಎರಡನೆಯ ಮಹಾಯುದ್ಧದ ನಂತರ ಸಕ್ಕರೆಯ ಪಡಿತರ ನಿಂತು ಮಿಠಾಯಿ ಕೇಳುವ ಪದ್ಧತಿ ಎಲ್ಲೆಡೆ ಹಬ್ಬಿದಾಗ ಈ ಪೆಟ್ಟಿಗೆಯ ವೇಷಗಳೂ ಊರೂರಿಗೆ ಹರಡಿದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಂಗಡಿಯ ವೇಷ ಅಪರೂಪವಾಗಿದ್ದಾಗ ಅದನ್ನು ತೊಟ್ಟ ಮಗುವಿಗೆ ಹೆಮ್ಮೆ, ಮನೆಯಲ್ಲಿ ಹೊಲಿದುದನ್ನು ತೊಟ್ಟ ಮಗುವಿಗೆ ಸಂಕೋಚ. ಇಂದು ಅಂಗಡಿಯ ವೇಷ ಎಲ್ಲೆಲ್ಲಿಯೂ ದೊರೆಯುತ್ತದೆ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟವು 2023ರಲ್ಲಿ ಹ್ಯಾಲೊವೀನ್ ವೇಷಗಳಿಗಾಗಿಯೇ ಜನರು ಸುಮಾರು 410 ಕೋಟಿ ಡಾಲರ್ ವ್ಯಯಿಸಲಿದ್ದಾರೆಂದು ಅಂದಾಜು ಮಾಡಿತ್ತು. ಎಲ್ಲರಿಗೂ ಸಿಗುವ ವಸ್ತುವಿನಿಂದ ಪ್ರತಿಷ್ಠೆ ಹುಟ್ಟುವುದಿಲ್ಲ. ಆದುದರಿಂದ ಈಗ ಕೈಯಲ್ಲಿ ಮಾಡಿದ ವೇಷವೇ ಪ್ರೀತಿಯ, ಬಿಡುವಿನ, ಜಾಣ್ಮೆಯ ಗುರುತಾಗಿ ನಿಂತಿದೆ. ಬಟ್ಟೆ ಬಟ್ಟೆಯೇ, ಮಗು ಮಗುವೇ. ಬದಲಾದದ್ದು ನೋಡುವವರ ಅಳತೆಗೋಲು ಮಾತ್ರ. ಇಷ್ಟು ಸುಲಭವಾಗಿ ಬದಲಾಗುವ ಅಳತೆಗೋಲಿನಿಂದ ತಾಯ್ತನವನ್ನು ಅಳೆಯುವುದು ನ್ಯಾಯವಲ್ಲ.

ಹೋಲಿಕೆಯ ಕಾಯಿಲೆ

ಮನುಷ್ಯನು ತನ್ನ ಯೋಗ್ಯತೆಯನ್ನು ಅಳೆಯಲು ಬೇರೆ ಅಳತೆ ಸಿಗದಿದ್ದಾಗ ತನ್ನಂತಹವರೊಡನೆ ಹೋಲಿಸಿಕೊಳ್ಳುತ್ತಾನೆ ಎಂಬುದನ್ನು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ಒಳ್ಳೆಯ ತಾಯಿ ಎಂಬುದಕ್ಕೆ ಅಂಕಪಟ್ಟಿಯಿಲ್ಲ. ಆದುದರಿಂದ ಪಕ್ಕದ ಮನೆಯ ತಾಯಿಯೇ ಅಂಕಪಟ್ಟಿಯಾಗುತ್ತಾಳೆ. ಹಿಂದೆ ಹೋಲಿಕೆಗೆ ಹತ್ತು ಮನೆಗಳಿದ್ದವು. ಈಗ ಕೈಯಲ್ಲಿರುವ ಫೋನಿನಲ್ಲಿ ಹತ್ತು ಸಾವಿರ ಮನೆಗಳಿವೆ. ಪ್ರತಿಯೊಂದು ಮನೆಯ ಅತ್ಯುತ್ತಮ ಕ್ಷಣವಷ್ಟೇ ಅಲ್ಲಿ ಕಾಣುತ್ತದೆ. ಹರಿದ ದಾರ, ಸುಟ್ಟ ಬೆರಳು, ಅತ್ತ ಮಗು ಆ ಚಿತ್ರದಲ್ಲಿ ಕಾಣುವುದಿಲ್ಲ.

ಈ ಒತ್ತಡ ಎರಡೂ ಕಡೆಯಿಂದ ಬರುತ್ತದೆ ಎಂಬುದನ್ನು ಮರೆಯಬಾರದು. ಕೊಂಡು ತಂದ ತಾಯಿ ಸೋಮಾರಿ ಎನಿಸಿಕೊಳ್ಳುತ್ತಾಳೆ. ಹೊಲಿದ ತಾಯಿ ತೋರಿಕೆಯವಳು ಎನಿಸಿಕೊಳ್ಳುತ್ತಾಳೆ. ಎರಡು ಪಾಳಿ ದುಡಿಯುವವಳಿಗೆ ಬಿಡುವಿಲ್ಲ, ಕೈ ಬಿಗಿಯಿರುವವಳಿಗೆ ಹಣವಿಲ್ಲ, ಪರದೇಶಕ್ಕೆ ಹೊಸದಾಗಿ ಹೋದವಳಿಗೆ ಆ ಆಚರಣೆಯ ರೀತಿಯೇ ತಿಳಿಯದು. ತಂದೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. "ಅಂಗಡಿಯದೇ?" ಎಂಬ ಪ್ರಶ್ನೆ ನಮ್ಮ ಭಕ್ತೆಗೆ ಬಂತೇ ಹೊರತು ಪಕ್ಕದಲ್ಲಿಯೇ ನಿಂತಿದ್ದ ಅವರ ಯಜಮಾನರಿಗೆ ಬರಲಿಲ್ಲ.

ಇದು ಆರೋಗ್ಯದ ವಿಷಯವೇ ಎಂದು ಕೆಲವರು ಕೇಳಬಹುದು. ಖಂಡಿತವಾಗಿ ಹೌದು. ವಾರಗಟ್ಟಲೆ ನಿದ್ರೆಗೆಟ್ಟರೆ ಸಿಡುಕು ಹೆಚ್ಚುತ್ತದೆ, ಗಮನ ಕುಂದುತ್ತದೆ, ತಲೆನೋವು ಬೆನ್ನುಹತ್ತುತ್ತದೆ. ಕಾರು ನಡೆಸುವವರಿಗಂತೂ ನಿದ್ರೆಯ ಕೊರತೆ ನೇರ ಅಪಾಯ. ಅದಕ್ಕಿಂತ ಆಳವಾದುದು "ನಾನು ಸಾಲದವಳು" ಎಂಬ ಕೊರಗು. ಬ್ರಿಟನ್ನಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನ್ನಿಕಾಟ್ 1950ರ ದಶಕದಲ್ಲಿಯೇ ಮಗುವಿಗೆ ಬೇಕಾದುದು ಪರಿಪೂರ್ಣ ತಾಯಿಯಲ್ಲ, ಸಾಕಷ್ಟು ಒಳ್ಳೆಯ ತಾಯಿ ಎಂದು ವಿವರಿಸಿದ್ದರು. ತಾಯಿ ಅಲ್ಪಸ್ವಲ್ಪ ತಪ್ಪುವುದು, ಮಗು ಅದನ್ನು ತಾಳಿಕೊಳ್ಳುವುದು, ಇವು ಮಗುವಿನ ಬೆಳವಣಿಗೆಗೆ ಅಡ್ಡಿಯಲ್ಲ. ಅವು ಬೆಳವಣಿಗೆಯ ಭಾಗವೇ ಆಗಿವೆ.

ಯಾವುದು ಸುರಕ್ಷಿತ?

ಮನೆಯದು ಸುರಕ್ಷಿತ, ಅಂಗಡಿಯದು ಅಪಾಯಕಾರಿ ಎಂದಾಗಲಿ, ಅದರ ವಿರುದ್ಧವಾಗಲಿ ಹೇಳುವಂತಿಲ್ಲ. ವೇಷ ಎಲ್ಲಿಂದ ಬಂತು ಎಂಬುದಕ್ಕಿಂತ ಅದು ಹೇಗಿದೆ ಎಂಬುದೇ ಮುಖ್ಯ.

ಮೊದಲನೆಯದು ಬೆಂಕಿ. 1940ರ ದಶಕದಲ್ಲಿ ಅಮೆರಿಕದಲ್ಲಿ ರೇಯಾನ್ ಜೂಲಿನ ಕೌಬಾಯ್ ಉಡುಪುಗಳಿಗೆ ಬೆಂಕಿ ತಗುಲಿ ಮಕ್ಕಳು ಸತ್ತ ಘಟನೆಗಳು ನಡೆದವು. ಇಂತಹ ದುರಂತಗಳ ಫಲವಾಗಿ 1953ರಲ್ಲಿ ಬೇಗನೆ ಹೊತ್ತಿಕೊಳ್ಳುವ ಬಟ್ಟೆಗಳನ್ನು ನಿಯಂತ್ರಿಸುವ ಕಾನೂನು ಬಂತು. 2014ರಲ್ಲಿ ಬ್ರಿಟನ್ನಿನಲ್ಲಿ ಪ್ರಸಿದ್ಧ ದೂರದರ್ಶನ ನಿರೂಪಕಿಯೊಬ್ಬರ ಎಳೆಯ ಮಗಳ ಹ್ಯಾಲೊವೀನ್ ಉಡುಪಿಗೆ ಮೇಣದ ಬತ್ತಿಯ ಕಿಡಿ ತಗುಲಿ ತೀವ್ರ ಸುಟ್ಟಗಾಯಗಳಾದವು. ಅಲ್ಲಿ ಇಂತಹ ಉಡುಪುಗಳನ್ನು ಆಟಿಕೆಯೆಂದು ಪರಿಗಣಿಸುತ್ತಿದ್ದುದರಿಂದ ಮಕ್ಕಳ ರಾತ್ರಿಯುಡುಪಿಗಿರುವಷ್ಟು ಕಟ್ಟುನಿಟ್ಟು ಅವಕ್ಕೆ ಇರಲಿಲ್ಲ ಎಂಬುದು ಆಗ ಎಲ್ಲರ ಗಮನಕ್ಕೆ ಬಂತು. ಪಾಲಿಯೆಸ್ಟರ್ ಉರಿಯುವಾಗ ಕರಗಿ ಚರ್ಮಕ್ಕೆ ಅಂಟುತ್ತದೆ. ಹಾಗೆಂದು ಹತ್ತಿ ಸುರಕ್ಷಿತವೆಂದೂ ಅಲ್ಲ. ತೆಳುವಾದ, ಜೋಲಾಡುವ ಹತ್ತಿ ಬಟ್ಟೆ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಹೊಲಿಯುವವರು ದಟ್ಟ ನೇಯ್ಗೆಯ ಬಟ್ಟೆಯನ್ನು ಆರಿಸಿ, ಅಗಲವಾದ ತೋಳು, ನೆಲ ಗುಡಿಸುವ ಸೆರಗು, ನೆಟ್ ಬಟ್ಟೆ, ಅಂಟಿಸಿದ ಕಾಗದ, ಹತ್ತಿಯ ಉಂಡೆ ಇವುಗಳನ್ನು ಬಿಡಬೇಕು. ಕೊಳ್ಳುವವರು ಬೆಂಕಿ ನಿರೋಧಕ ಎಂಬ ಚೀಟಿಯನ್ನು ನೋಡಬೇಕು. ಆ ಚೀಟಿಯಿದ್ದರೆ ಬಟ್ಟೆ ಸುಡುವುದೇ ಇಲ್ಲವೆಂದು ಅರ್ಥವಲ್ಲ. ಸುಲಭವಾಗಿ ಹೊತ್ತಿಕೊಳ್ಳದು, ಬೇಗ ಆರೀತು ಎಂದಷ್ಟೇ ಅರ್ಥ. ಕುಂಬಳಕಾಯಿಯೊಳಗೆ ಮೇಣದ ಬತ್ತಿಯ ಬದಲು ಬ್ಯಾಟರಿ ದೀಪ ಇಡುವುದು ಎಲ್ಲಕ್ಕಿಂತ ಉತ್ತಮ.

ಅಕಸ್ಮಾತ್ ಬಟ್ಟೆಗೆ ಬೆಂಕಿ ತಗುಲಿದರೆ ಮಗು ಓಡಬಾರದು. ನಿಲ್ಲಬೇಕು, ನೆಲಕ್ಕೆ ಮಲಗಬೇಕು, ಉರುಳಬೇಕು. ಇದನ್ನು ಮೊದಲೇ ಆಟದಂತೆ ಕಲಿಸಿಡಿರಿ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಬೆಣ್ಣೆ, ಅರಿಸಿನ ಯಾವುದನ್ನೂ ಹಚ್ಚಬಾರದು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳದೆ ವೈದ್ಯರ ಬಳಿ ಕೊಂಡೊಯ್ಯಬೇಕು.

ಎರಡನೆಯದು ರಸ್ತೆ. 1975ರಿಂದ 2016ರವರೆಗಿನ ಅಮೆರಿಕದ ಅಪಘಾತ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಮಕ್ಕಳ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮತ್ತು ಮುಂದಿನ ವಾರದ ಅದೇ ಸಂಜೆಗಳಿಗೆ ಹೋಲಿಸಿದರೆ ಹ್ಯಾಲೊವೀನ್ ಸಂಜೆ ಪಾದಚಾರಿಗಳ ಸಾವಿನ ಪ್ರಮಾಣ ಶೇಕಡಾ 43ರಷ್ಟು ಹೆಚ್ಚು. 4ರಿಂದ 8 ವರ್ಷದ ಮಕ್ಕಳಲ್ಲಿ ಅದು ಸುಮಾರು ಹತ್ತು ಪಟ್ಟು. ಒಟ್ಟು ಸಂಖ್ಯೆ ದೊಡ್ಡದಲ್ಲವಾದರೂ ಒಂದು ಮನೆಗೆ ಒಂದು ಮಗುವೇ ಜಗತ್ತು. ಕತ್ತಲು, ಕಪ್ಪು ಬಟ್ಟೆ, ಕಣ್ಣು ಮುಚ್ಚುವ ಮುಖವಾಡ, ಉತ್ಸಾಹದ ಓಟ ಇವು ಒಂದುಗೂಡಿದಾಗ ಅಪಾಯ ಹುಟ್ಟುತ್ತದೆ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ವೇಷದ ಮುಂದೆಯೂ ಹಿಂದೆಯೂ ಅಂಟಿಸಿರಿ. ಕೈಗೊಂದು ಟಾರ್ಚ್ ಕೊಡಿರಿ. ಉಡುಪು ಪಾದದ ಗಂಟಿನಿಂದ ಮೇಲಿರಲಿ, ಕಾಲಿಗೆ ನಿತ್ಯದ ಅಳತೆಯ ಬೂಟೇ ಇರಲಿ. ಚಿಕ್ಕವರ ಜೊತೆ ಹಿರಿಯರೊಬ್ಬರು ನಡೆಯಲೇಬೇಕು.

ಮೂರನೆಯದು ಚರ್ಮ ಮತ್ತು ಕಣ್ಣು. ದೃಷ್ಟಿಗೆ ಅಡ್ಡಬರುವ ಮುಖವಾಡಕ್ಕಿಂತ ಬಣ್ಣವೇ ಮೇಲೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಆದರೆ ಬಣ್ಣವನ್ನೂ ಪರೀಕ್ಷಿಸದೆ ಬಳಿಯಬಾರದು. 2009ರಲ್ಲಿ ಅಮೆರಿಕದ ಗ್ರಾಹಕ ಸಂಘಟನೆಯೊಂದು ಮಕ್ಕಳ ಮುಖಕ್ಕೆ ಬಳಿಯುವ ಹತ್ತು ಬಣ್ಣಗಳನ್ನು ಪರೀಕ್ಷೆ ಮಾಡಿಸಿದಾಗ ಹತ್ತರಲ್ಲಿಯೂ ಸೀಸದ ಅಂಶ ಕಂಡುಬಂದಿತ್ತು. ಹಿಂದಿನ ದಿನವೇ ಮುಂಗೈಗೆ ಸ್ವಲ್ಪ ಹಚ್ಚಿ ನೋಡಿರಿ. ಕೆಂಪಾದರೆ, ತುರಿಸಿದರೆ ಅದು ಬೇಡ. ಮಲಗುವ ಮುನ್ನ ಪೂರ್ತಿಯಾಗಿ ತೊಳೆದು ತೆಗೆಯಿರಿ. ಬೆಕ್ಕಿನ ಕಣ್ಣು, ಭೂತದ ಕಣ್ಣು ಎಂದು ಮಾರುವ ಬಣ್ಣದ ಕಾಂಟ್ಯಾಕ್ಟ್ ಲೆನ್ಸುಗಳನ್ನು ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರುವುದು ಕಾನೂನುಬಾಹಿರ. ಅಳತೆಯಿಲ್ಲದ ಲೆನ್ಸಿನಿಂದ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಗೀರಿ, ಸೋಂಕು ತಗುಲಿ, ದೃಷ್ಟಿಯೇ ಹೋಗಬಹುದು.

ಮಗುವಿಗೆ ಬೇಕಾದುದೇನು?

ವೇಷ ತೊಡುವುದು ಮಕ್ಕಳಿಗೆ ವ್ಯರ್ಥ ವಿನೋದವಲ್ಲ. ನಾಲ್ಕು ಮತ್ತು ಆರು ವರ್ಷದ ಮಕ್ಕಳನ್ನು ಬೇಸರದ ಕೆಲಸವೊಂದಕ್ಕೆ ಕೂರಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ಕುತೂಹಲಕರವಾಗಿದೆ. ತಾವು ಮೆಚ್ಚಿದ ಬ್ಯಾಟ್‌ಮ್ಯಾನ್‌ನಂತಹ ಪಾತ್ರವೇ ಆಗಿ ನಟಿಸಿದ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಆ ಕೆಲಸದಲ್ಲಿ ನಿಂತರು. ಇನ್ನೊಬ್ಬರಾಗಿ ನೋಡುವ ಶಕ್ತಿ ಮಗುವಿಗೆ ತಾಳ್ಮೆಯನ್ನು ಕೊಡಬಲ್ಲದು. ಆದರೆ ಆ ಶಕ್ತಿ ಹುಟ್ಟುವುದು ಮಗುವಿನ ಕಲ್ಪನೆಯಿಂದ; ಬಟ್ಟೆಯ ಬೆಲೆಯಿಂದಲೂ ಅಲ್ಲ, ತಾಯಿಯ ಹೊಲಿಗೆಯ ನೇರದಿಂದಲೂ ಅಲ್ಲ. ಭುಜಕ್ಕೆ ಕಟ್ಟಿದ ಒಂದು ಟವೆಲ್ಲಿನಿಂದಲೇ ಮಗು ರಾಜನಾಗಬಲ್ಲದು. ನಾವು ಚಿಕ್ಕವರಿದ್ದಾಗ ಅಜ್ಜಿಯ ಸೀರೆ, ಅಜ್ಜನ ರುಮಾಲು, ಇದ್ದಿಲಿನ ಮೀಸೆ ಇವಿಷ್ಟರಿಂದಲೇ ಪಡಸಾಲೆಯಲ್ಲಿ ಇಡೀ ನಾಟಕ ನಡೆಯುತ್ತಿತ್ತು. ಯಾರೂ ನಮ್ಮನ್ನು ಅಳೆಯಲಿಲ್ಲವಾದುದರಿಂದ ಆ ಆಟ ಇನ್ನೂ ನೆನಪಿನಲ್ಲಿದೆ.

ನಮ್ಮೂರಿನಲ್ಲಿಯೂ ಇದೇ ಮಾತು

ಅಮೆರಿಕದ ಕನ್ನಡ ಕುಟುಂಬಗಳಿಗೆ ಹ್ಯಾಲೊವೀನ್ ಕಳೆದ ಮರುದಿನವೇ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಒಂದು ಸಂಜೆ ನವಿಲಾದ ಮಗು ಮುಂದಿನ ಶನಿವಾರವೋ ಭಾನುವಾರವೋ ಕನ್ನಡ ಕೂಟದ ವೇದಿಕೆಯಲ್ಲಿ ಸಂಗೊಳ್ಳಿ ರಾಯಣ್ಣನಾಗಬೇಕು. ಇಲ್ಲಿ ನಮ್ಮ ಶಾಲೆಗಳಲ್ಲಿಯೂ ರಾಜ್ಯೋತ್ಸವಕ್ಕೆ, ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಛದ್ಮವೇಷ ಸ್ಪರ್ಧೆಗಳು ನಡೆಯುತ್ತವೆ. ಎರಡು ದಿನ ಮುಂಚೆ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬರುತ್ತದೆ. ಕಿತ್ತೂರು ಚನ್ನಮ್ಮನ ಉಡುಪನ್ನು ಬಾಡಿಗೆಗೆ ತರಲು ತಾಯಂದಿರು ಪೇಟೆಗೆ ಓಡುತ್ತಾರೆ. ಹಲವು ಮಕ್ಕಳು ತೊಟ್ಟು ಬೆವರಿದ ಬಾಡಿಗೆಯ ಬಟ್ಟೆ ಒಗೆದು ಬಿಸಿಲಿಗೆ ಹಾಕಿದ್ದೋ ಇಲ್ಲವೋ ಎಂದು ಕೇಳುವ ವ್ಯವಧಾನವೂ ಇರುವುದಿಲ್ಲ. ಅಂಟಿನ ಗಡ್ಡ ಮೀಸೆ, ಬಿಗಿದ ಕಿರೀಟ, ತಗಡಿನ ಆಭರಣ ತೊಟ್ಟ ಮಗು ತನ್ನ ಸರದಿಗಾಗಿ ಗಂಟೆಗಟ್ಟಲೆ ನೀರಿಲ್ಲದೆ ಕಾಯುತ್ತದೆ. ಬಹುಮಾನ ಬಾರದಿದ್ದರೆ ಮಗುವಿಗಿಂತ ಮೊದಲು ತಾಯಿಯ ಮುಖ ಬಾಡುತ್ತದೆ. ಹಬ್ಬದ ಹೆಸರು ಬೇರೆಯಾದರೂ ಕಾಯಿಲೆ ಒಂದೇ.

ಹಾಗಾದರೆ ಏನು ಮಾಡಬೇಕು?

ನಮ್ಮ ಸಲಹೆಗಳು ಸರಳವಾಗಿವೆ. ವೇಷಕ್ಕಾಗಿ ಎಷ್ಟು ಹಣ, ಎಷ್ಟು ಗಂಟೆ ಎಂಬುದನ್ನು ಮೊದಲೇ ನಿಗದಿಮಾಡಿರಿ. ಗಂಟೆಗಳು ಮುಗಿದಾಗ ವೇಷವೂ ಮುಗಿಯಿತೆಂದು ತಿಳಿಯಿರಿ. ರಾತ್ರಿ ಹತ್ತರ ಮೇಲೆ ಸೂಜಿ ಹಿಡಿಯಬೇಡಿರಿ. ಕೊಳ್ಳುವುದು, ಹೊಲಿಯುವುದು ಎಂಬ ಎರಡೇ ದಾರಿಗಳಿಲ್ಲ. ನಿತ್ಯದ ಬಟ್ಟೆಗೆ ಒಂದು ಟೊಪ್ಪಿಗೆ ಕೊಂಡು ಸೇರಿಸಬಹುದು. ಕಳೆದ ವರ್ಷದ್ದನ್ನು ನೆರೆಮನೆಯವರೊಡನೆ ಅದಲುಬದಲು ಮಾಡಿಕೊಳ್ಳಬಹುದು. ಒಂದು ಸಂಜೆ ತೊಟ್ಟು ಎಸೆಯುವ ಪಾಲಿಯೆಸ್ಟರ್ ಬಟ್ಟೆ ಮಣ್ಣಿನಲ್ಲಿ ಬೇಗ ಕರಗುವುದಿಲ್ಲವಾದುದರಿಂದ ಈ ಅದಲುಬದಲು ಭೂಮಿಗೂ ಒಳ್ಳೆಯದು.

ಮಗುವಿನ ಕೈಗೆ ಒಂದು ಕೆಲಸ ಕೊಡಿರಿ. ಕತ್ತರಿಯೂ ಬಿಸಿ ಅಂಟೂ ಹಿರಿಯರ ಕೈಯಲ್ಲಿರಲಿ. ಬಣ್ಣವೂ ಕುಂಚವೂ ಮಗುವಿನ ಕೈಯಲ್ಲಿರಲಿ. ಸೊಟ್ಟಗಾದ ಗರಿ ಸೊಟ್ಟಗೇ ಇರಲಿ. ಎರಡು ದಿನ ಮುಂಚೆ ವೇಷ ತೊಡಿಸಿ ಅರ್ಧ ಗಂಟೆ ಮನೆಯಲ್ಲಿ ಓಡಾಡಿಸಿರಿ. ಚುಚ್ಚುವುದು, ಎಡವುವುದು, ಉಸಿರು ಕಟ್ಟುವುದು ಆಗಲೇ ತಿಳಿಯುತ್ತದೆ. ಚಳಿಯ ನಾಡಿನಲ್ಲಿ ಕೋಟಿನ ಮೇಲೆ ತೊಡುವಂತೆ ವೇಷದ ಅಳತೆ ಇಡಿರಿ. ತಂದೆಯಂದಿರು "ಏನಾದರೂ ಸಹಾಯ ಬೇಕೇ?" ಎಂದು ಕೇಳಿ ಸುಮ್ಮನಾಗದೆ ಒಂದು ಭಾಗವನ್ನು ಪೂರ್ತಿಯಾಗಿ ವಹಿಸಿಕೊಳ್ಳಬೇಕು. ಶಾಲೆಗಳು ಕನಿಷ್ಠ ಹದಿನೈದು ದಿನ ಮೊದಲು ತಿಳಿಸಲಿ. ಬಹುಮಾನವನ್ನು ಉಡುಪಿಗೆ ಕೊಡದೆ ಮಗು ಆಡಿದ ಮಾತಿಗೆ ಕೊಡಲಿ. ಆಯಾಸ, ಅಳು, ನಿದ್ರಾಹೀನತೆ ಹಬ್ಬ ಕಳೆದು ಎರಡು ವಾರವಾದರೂ ಹೋಗದಿದ್ದರೆ ಅದು ವೇಷದ ಮಾತಾಗಿ ಉಳಿದಿಲ್ಲ. ಸಂಕೋಚಪಡದೆ ವೈದ್ಯರನ್ನು ಕಾಣಬೇಕು.

ಇನ್ನೊಂದು ಮಾತು ನಮ್ಮೆಲ್ಲರಿಗೂ ಸಲ್ಲುತ್ತದೆ. ಬೇರೆಯವರ ಮಗು ವೇಷ ತೊಟ್ಟು ಎದುರಿಗೆ ಬಂದಾಗ ತಾಯಿಯನ್ನು ನೋಡಿ "ಎಲ್ಲಿ ಕೊಂಡಿರಿ?", "ನೀವೇ ಮಾಡಿದಿರಾ?" ಎಂದು ಕೇಳುವುದನ್ನು ಬಿಡೋಣ. ಮಗುವಿನ ಎತ್ತರಕ್ಕೆ ಬಾಗಿ "ನೀನು ಯಾರಪ್ಪಾ?" ಎಂದು ಮಗುವನ್ನೇ ಕೇಳೋಣ. ಆ ಪ್ರಶ್ನೆಗಾಗಿಯೇ ಮಗು ವೇಷ ತೊಟ್ಟು ನಿಂತಿದೆ.

ಆ ಭಕ್ತೆಯನ್ನು ಬೀಳ್ಕೊಡುವ ಮುನ್ನ ಈ ವರ್ಷ ಏನು ಮಾಡುವಿರಿ ಎಂದು ವಿಚಾರಿಸಿದೆವು. ಮಗ ಆನೆಯಾಗುತ್ತಾನಂತೆ. ಬೂದು ಬಣ್ಣದ ಹಳೆಯ ಉಣ್ಣೆಯ ಅಂಗಿಯಿದೆ. ಕಿವಿಗಳನ್ನು ಮಗನೇ ಬರೆಯುತ್ತಾನೆ, ಅಪ್ಪ ಕತ್ತರಿಸುತ್ತಾರೆ. "ಒಂದು ಕಿವಿ ದೊಡ್ಡದು, ಒಂದು ಸಣ್ಣದು ಆಗುವುದು ಖಂಡಿತ" ಎಂದು ಅವರು ನಕ್ಕರು. ಪಕ್ಕದಲ್ಲಿ ನಿಂತಿದ್ದ ಮಗು ಆಗಲೇ ತೋಳನ್ನು ಸೊಂಡಿಲು ಮಾಡಿಕೊಂಡು ಅಂಗಳದಲ್ಲಿ ನಡೆಯತೊಡಗಿತ್ತು.